ಮೊನ್ಜಾದಲ್ಲಿ ಒಂದೂವರೆ ಸೆಕೆಂಡು: ಒಂದು ಬ್ರೇಕ್ ಪೆಡಲಿನ ರಿಪೇರಿ ಕಥೆ

ಮೂರು ತಿಂಗಳು ನನ್ನ ಲ್ಯಾಪ್ ಟೈಮ್, ಅಂದರೆ ಟ್ರ್ಯಾಕ್ ಒಂದು ಸುತ್ತು ಹಾಕೋಕೆ ಹಿಡಿಯುವ ಹೊತ್ತು, 1:51ರ (ಒಂದು ನಿಮಿಷ 51 ಸೆಕೆಂಡಿನ) ಹತ್ತಿರ ಗೂಟ ಹೊಡೆದುಕೊಂಡು ಕೂತಿತ್ತು. ಇದು ಕಂಪ್ಯೂಟರಿನಲ್ಲಿ ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಆಡುವ ಕಾರ್ ರೇಸ್. ಆಟ ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ, ಟ್ರ್ಯಾಕ್ ಇಟಲಿಯ ಮೊನ್ಜಾ, ಕಾರು ಪೋರ್ಶೆ 911 ಜಿಟಿ3 ಆರ್. ಹತ್ತು ಲ್ಯಾಪ್‌ಗಳ ಸರಾಸರಿ 1:51.4. ಯಾವತ್ತೋ ಒಂದು ದಿನ ಎಲ್ಲ ಕೂಡಿಬಂದಾಗ 1:50.8. ಇದೇ ಕಾರಿನಲ್ಲಿ ನನ್ನ ಗೆಳೆಯ ಹರಟೆ ಹೊಡೆಯುತ್ತಲೇ 1:48.9 ಓಡಿಸುತ್ತಾನೆ. ಕಾರಿನ ಹೊಂದಾಣಿಕೆಗಳೆಲ್ಲ ಇರುವ ಅವನ ಸೆಟಪ್ ಫೈಲನ್ನೇ ಹಾಕಿಕೊಂಡು ಓಡಿಸಿದೆ. ಆಗಲೂ 1:51.

ಬೇರೆ ಏನೂ ಬದಲಾಗದ ಹಾಗೆ ಮೊದಲು ಒಂದು ಕಟ್ಟುಪಾಡು ಹಾಕಿಕೊಂಡೆ. ಅದೇ ಬಿಸಿಲು, ಅದೇ ಟ್ರ್ಯಾಕ್ ತಾಪ, ಅಷ್ಟೇ ಪೆಟ್ರೋಲ್, ಅದೇ ಟೈರ್ ಒತ್ತಡ. ಲೆಕ್ಕಕ್ಕೆ ಹಿಡಿಯೋದು ಒಂದು ಒಳ್ಳೆಯ ಲ್ಯಾಪ್ ಅಲ್ಲ, ಸತತ ಹತ್ತು ಲ್ಯಾಪ್‌ಗಳ ಸರಾಸರಿ. ಒಂದು ಲ್ಯಾಪ್ ಯಾರಿಗೆ ಬೇಕಾದರೂ ಬರುತ್ತೆ.

ಆಮೇಲೆ ಟೆಲಿಮೆಟ್ರಿ, ಅಂದರೆ ಓಡಿಸುವಾಗಿನ ವೇಗ, ಬ್ರೇಕ್, ಆಕ್ಸಿಲರೇಟರ್ ಎಲ್ಲದರ ದಾಖಲೆ. ಈ ಆಟ ಮೋಟೆಕ್ ಐ2 ತಂತ್ರಾಂಶದಲ್ಲಿ ತೆರೆಯುವಂಥ ಫೈಲನ್ನು ತಾನೇ ಬರೆದಿಡುತ್ತೆ. ಆದರೆ ಕಾರಿನ ಸೆಟಪ್ಪಿನಲ್ಲಿ ಎಲೆಕ್ಟ್ರಾನಿಕ್ಸ್ ಪುಟಕ್ಕೆ ಹೋಗಿ ಎಷ್ಟು ಲ್ಯಾಪ್ ಬರೆಯಬೇಕು ಅಂತ ಹೇಳಬೇಕು. ನಾನು ಎರಡು ಸಂಜೆ ಖಾಲಿ ಫೋಲ್ಡರ್ ನೋಡಿಕೊಂಡು ಕೂತಿದ್ದೆ.

ಫೈಲ್ ಬಂದ ಮೇಲೆ ಮೊದಲು ಕಂಡದ್ದು ಬ್ರೇಕಿನ ಗೆರೆ. ಷಿಕೇನ್ ಅಂದರೆ ವೇಗ ತಗ್ಗಿಸೋಕೆ ಅಂತಲೇ ಹಾಕಿದ ಎಡ-ಬಲ ಸೊಟ್ಟ ತಿರುವು. ಮೊನ್ಜಾದ ಮೊದಲ ಷಿಕೇನ್, ವೇರಿಯಾಂಟೆ ಡೆಲ್ ರೆಟ್ಟಿಫಿಲೊ, ಇಡೀ ಟ್ರ್ಯಾಕಿನಲ್ಲಿ ಅತಿ ಹೆಚ್ಚು ಬ್ರೇಕ್ ಬೇಡುವ ಜಾಗ. ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಬಂದು 70ರ ಹತ್ತಿರಕ್ಕೆ ಇಳಿಯಬೇಕು. ಹತ್ತು ಲ್ಯಾಪ್ ಒಂದರ ಮೇಲೊಂದು ಇಟ್ಟು ನೋಡಿದರೆ ನನ್ನ ಬ್ರೇಕ್ ಒಮ್ಮೆ 78%, ಒಮ್ಮೆ 91%, ಒಮ್ಮೆ ಪೂರ್ತಿ 100%. ಪ್ರತಿ ಸಲವೂ ನಾನು ಒಂದೇ ತರ ಒತ್ತಿದ್ದೇನೆ ಅಂತಲೇ ನಂಬಿದ್ದೆ.

ಹಳೇ ಪೆಡಲ್ ಬಿಚ್ಚಿದ್ದು

ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದ ನನ್ನ ಪೆಡಲ್ ಸೆಟ್ ಹಳೇದು. ಬ್ರೇಕಿನ ಹಿಂದೆ ಒಂದು ಸ್ಪ್ರಿಂಗ್, ಪಕ್ಕದಲ್ಲಿ ಒಂದು ಪೊಟೆನ್ಶಿಯೊಮೀಟರ್. ರೇಡಿಯೊದ ವಾಲ್ಯೂಮ್ ತಿರುಪು ಇರುತ್ತಲ್ಲ, ಅದೇ ಸಾಮಾನು. ಪೆಡಲ್ ಎಷ್ಟು ದೂರ ಹೋಯಿತು ಅನ್ನೋದನ್ನು ಅದು ಹೇಳುತ್ತೆ. ಎಷ್ಟು ಬಲ ಹಾಕಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ನಿಜವಾದ ಕಾರಿನಲ್ಲಿ ಬ್ರೇಕ್ ಪೆಡಲ್ ಸ್ವಲ್ಪ ಇಳಿದ ಮೇಲೆ ಗಟ್ಟಿಯಾಗಿಬಿಡುತ್ತೆ. ಅಲ್ಲಿಂದ ಮುಂದೆ ಎಲ್ಲಾ ಬಲದ ಲೆಕ್ಕ. ಕಾಲಿಗೂ ಅದೇ ಸುಲಭ. ಕಣ್ಣು ಮುಚ್ಚಿಕೊಂಡು ಪಾದವನ್ನು ಸರಿಯಾಗಿ 32 ಮಿಲಿಮೀಟರ್ ಒತ್ತಿ ಅಂದರೆ ಯಾರಿಗೂ ಆಗಲ್ಲ. ಮೊನ್ನೆ ಒತ್ತಿದಷ್ಟೇ ಜೋರಾಗಿ ಒತ್ತಿ ಅಂದರೆ ಹೆಚ್ಚುಕಡಿಮೆ ಆಗುತ್ತೆ. ಅದಕ್ಕೇ ಲೋಡ್ ಸೆಲ್. ಒಂದು ಲೋಹದ ತುಂಡು, ಅದರ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು. ಲೋಹ ಕಣ್ಣಿಗೆ ಕಾಣದಷ್ಟು ಬಾಗಿದರೆ ಗೇಜಿನ ರೆಸಿಸ್ಟೆನ್ಸ್ ಬದಲಾಗುತ್ತೆ, ಅದನ್ನು ಅಳೆದರೆ ಬಲ ಗೊತ್ತಾಗುತ್ತೆ. ತೂಕದ ಯಂತ್ರದೊಳಗೆ ಇರೋದೂ ಇದೇ.

ಸಿದ್ಧವಾಗಿ ಸಿಗುವ ಪೆಡಲ್ ತರಿಸಬಹುದಿತ್ತು. ಆದರೆ ಬಿಚ್ಚಿ ನೋಡೋ ಚಟ ನನಗೆ ಚಿಕ್ಕಂದಿನಿಂದಲೂ ಇದೆ.

ಬೇಕಾದ ಸಾಮಾನು ಕಡಿಮೆ. ಒಂದು ಲೋಡ್ ಸೆಲ್, ಅದರ ಸಣ್ಣ ಸಿಗ್ನಲ್ ದೊಡ್ಡದು ಮಾಡಿ ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು, ಮತ್ತೆ ಎಟಿಮೆಗಾ32ಯು4 ಚಿಪ್ ಇರುವ ಒಂದು ಆರ್ಡುಯಿನೊ, ಅಂದರೆ ನಾವೇ ಪ್ರೋಗ್ರಾಮ್ ಬರೆದು ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು. ಈ ಚಿಪ್ಪೇ ಯಾಕೆ ಅಂದರೆ ಅದರೊಳಗೇ ಯುಎಸ್‌ಬಿ ಇದೆ, ಕಂಪ್ಯೂಟರಿಗೆ ತಾನೊಂದು ಜಾಯ್‌ಸ್ಟಿಕ್ ಅಂತ ನೇರವಾಗಿ ಪರಿಚಯ ಮಾಡಿಕೊಳ್ಳುತ್ತೆ. ಮಾಮೂಲಿ ಆರ್ಡುಯಿನೊ ಊನೊ ಬೋರ್ಡಿಗೆ ಅದು ಸುಲಭವಲ್ಲ. ಲೋಡ್ ಸೆಲ್ಲಿನಿಂದ ನಾಲ್ಕು ವೈರು ಬರುತ್ತವೆ. ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಸಿಗ್ನಲ್ಲಿಗೆ. ಹಸಿರು ಬಿಳಿ ಅದಲುಬದಲಾದರೆ ಏನೂ ಸುಡಲ್ಲ, ಒತ್ತಿದಾಗ ಅಂಕಿ ಇಳಿಯುತ್ತೆ ಅಷ್ಟೆ.

ಮೊದಲ ಸೆಲ್ ಹೋಯಿತು

ಪೆಡಲ್ ಮೇಲೆ ನನ್ನ ಕಾಲು ಹಾಕೋ ಬಲ ಸುಮಾರು 30 ಕಿಲೋ. ಹಾಗಾಗಿ 50 ಕಿಲೋದ ಸೆಲ್ ಧಾರಾಳ ಸಾಕು ಅಂದುಕೊಂಡೆ. ಜೋಡಿಸಿದೆ, ಮೊದಲ ಸಂಜೆ ಚೆನ್ನಾಗಿ ಓಡಿತು. ಎರಡನೇ ಸಂಜೆ ನೇರ ರಸ್ತೆಯಲ್ಲಿ ಕಾರು ಯಾಕೋ ಎಳೆಯುತ್ತಿಲ್ಲ. ನೋಡಿದರೆ ಕಾಲು ಪೆಡಲ್ ಮೇಲೇ ಇಲ್ಲ, ತೆರೆಯ ಮೇಲೆ ಮಾತ್ರ ಬ್ರೇಕ್ 6%.

ಸನ್ನೆಕೋಲಿನ ಲೆಕ್ಕ ಮರೆತಿದ್ದೆ. ಶಾಲೆಯಲ್ಲಿ ಕಲಿತದ್ದೇ. ಪೆಡಲಿನ ಕೀಲು ಕೆಳಗಿದೆ. ಪಾದ ಒತ್ತುವ ಜಾಗ ಕೀಲಿನಿಂದ 20 ಸೆಂಟಿಮೀಟರ್ ಮೇಲೆ. ಸೆಲ್ಲಿಗೆ ಹೋಗುವ ಸರಳು ಕೂತಿರೋದು 6 ಸೆಂಟಿಮೀಟರ್ ಮೇಲೆ. ಕಾಲು 30 ಕಿಲೋ ಒತ್ತಿದರೆ ಸರಳಿನ ಮೇಲೆ ಬೀಳೋದು 30 ಗುಣಿಸು 20 ಭಾಗಿಸು 6, ಅಂದರೆ 100 ಕಿಲೋ. ಐವತ್ತರ ಸೆಲ್ ಮೇಲೆ ನೂರು ಹಾಕಿದ್ದೆ. ಲೋಹ ಸ್ವಲ್ಪ ಶಾಶ್ವತವಾಗಿ ಬಾಗಿಹೋಗಿತ್ತು, ಸೊನ್ನೆಗೆ ವಾಪಸ್ ಬರುತ್ತಲೇ ಇರಲಿಲ್ಲ.

ಎರಡನೆಯದು 200 ಕಿಲೋದ್ದು, ಇಂಗ್ಲಿಷಿನ ಎಸ್ ಅಕ್ಷರದ ಆಕಾರ. ಎರಡೂ ತುದಿಯಲ್ಲಿ ಥ್ರೆಡ್ ಇರುವ ತೂತು, ಹಾಗಾಗಿ ಸರಳಿನ ಜೊತೆ ನೇರವಾಗಿ ಕೂರಿಸಬಹುದು. ಬಲ ನೇರವಾಗಿ ಸಾಗಬೇಕು, ಅಡ್ಡ ತಿರುಚಿದರೆ ಅಳತೆ ತಪ್ಪುತ್ತೆ. ಅದಕ್ಕೆ ಪೆಡಲ್ ಕಡೆಯ ತುದಿಗೆ ಆ ಕಡೆ ಈ ಕಡೆ ಆಡುವ ಗುಂಡು ಕೀಲು ಹಾಕಿದೆ.

ಸ್ಪ್ರಿಂಗ್ ಇದ್ದ ಜಾಗಕ್ಕೆ ರಬ್ಬರಿನಂಥ ಪಾಲಿಯುರೆಥೇನ್ ಬುಷ್ ಬಂತು. ಮೊದಲು ಗಟ್ಟಿಯದನ್ನೇ ಎರಡು ಹಾಕಿದೆ. ಗೋಡೆಗೆ ಒದ್ದ ಹಾಗಾಯಿತು. ಕಾಲಿಗೆ ಏನೂ ತಿಳಿಯಲ್ಲ, ಒಂದೋ ಸೊನ್ನೆ ಇಲ್ಲ ನೂರು. ಆಮೇಲೆ ಒಂದು ಮೆತ್ತಗಿನದು, ಒಂದು ಗಟ್ಟಿಯದು, ನಡುವೆ ವಾಷರ್. ಮೊದಲ ಐದಾರು ಮಿಲಿಮೀಟರ್ ಮೆತ್ತಗೆ ಹೋಗಿ ಆಮೇಲೆ ಗಟ್ಟಿಯಾಗುತ್ತೆ. ಪ್ಯಾಡ್ ಡಿಸ್ಕಿಗೆ ತಾಗಿದ ಅನುಭವಕ್ಕೆ ಇದು ಹತ್ತಿರ. ಈ ಬುಷ್ ಜೋಡಣೆಗೆ ಒಂದು ಭಾನುವಾರ ಪೂರ್ತಿ ಹೋಯಿತು.

ಮೆಟ್ಟಿಲು

ಹೊಸ ಪೆಡಲಿನ ಮೊದಲ ಹತ್ತು ಲ್ಯಾಪ್ ಸರಾಸರಿ: 1:52.1. ಹಳೇದಕ್ಕಿಂತ ಏಳು ದಶಾಂಶ (0.7 ಸೆಕೆಂಡು) ನಿಧಾನ!

ಕಾಲಿಗೆ ಇನ್ನೂ ಹೊಸದು, ರೂಢಿಯಾಗಲಿ ಅಂತ ಒಂದು ವಾರ ಸಮಾಧಾನ ಹೇಳಿಕೊಂಡೆ. ಒಳಗೊಳಗೆ ಕಿರಿಕಿರಿ ಇತ್ತು. ಬ್ರೇಕ್ ಬಿಟ್ಟ ಮೇಲೂ ಕಾರು ಒಂದು ಗಳಿಗೆ ಬ್ರೇಕ್ ಹಿಡಿದೇ ಇದೆ ಅನಿಸುತ್ತಿತ್ತು. ಟೆಲಿಮೆಟ್ರಿ ಹಿಗ್ಗಿಸಿ ನೋಡಿದೆ. ಬ್ರೇಕಿನ ಗೆರೆ ಇಳಿಜಾರಿನ ಹಾಗೆ ಇಳಿಯಬೇಕು. ನನ್ನದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. 84, ಅಲ್ಲೇ ನಿಂತು 61, ಅಲ್ಲೇ ನಿಂತು 22, ಸೊನ್ನೆ.

ಸಿಗ್ನಲ್ಲಿನಲ್ಲಿ ಗದ್ದಲ, ಅಂದರೆ ಬೇಡದ ಏರಿಳಿತ, ಇದೆ ಅಂತ ನಾನೇ ತೀರ್ಮಾನ ಮಾಡಿದೆ. ತಪ್ಪಾಗೋದು ಇಲ್ಲೇ. ಆರ್ಡುಯಿನೊ ಪ್ರೋಗ್ರಾಮಿನಲ್ಲಿ ಹಿಂದಿನ ಎಂಟು ಅಳತೆಗಳ ಸರಾಸರಿ ಕಳಿಸೋ ಹಾಗೆ ಬರೆದೆ. ಗೆರೆ ನುಣ್ಣಗಾಯಿತು. ಕಾರು ಇನ್ನೂ ಹಾಳಾಯಿತು. ಷಿಕೇನಿಗೆ ಬ್ರೇಕ್ ಒತ್ತಿದರೆ ಅದು ಪೂರ್ತಿ ಹಿಡಿಯುವ ಹೊತ್ತಿಗೆ ಕಾರು ಹುಲ್ಲಿನ ಮೇಲೆ.

ಕೊನೆಗೆ ಎಚ್‌ಎಕ್ಸ್711 ಚಿಪ್ಪಿನ ಡೇಟಾ ಶೀಟ್ (ತಯಾರಕರ ವಿವರ ಪತ್ರ) ಬಿಡಿಸಿಕೊಂಡು ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. ಆ ಚಿಪ್ಪಿಗೆ ಎರಡು ವೇಗ ಇವೆ: ಸೆಕೆಂಡಿಗೆ 10 ಅಳತೆ ಅಥವಾ 80 ಅಳತೆ. ಯಾವುದು ಅಂತ ತೀರ್ಮಾನ ಮಾಡೋದು ಚಿಪ್ಪಿನ 15ನೇ ಕಾಲು (ಪಿನ್). ಅದು ಗ್ರೌಂಡಿಗೆ (ಸೊನ್ನೆ ವೋಲ್ಟಿಗೆ) ಸೇರಿದ್ದರೆ 10, ವಿದ್ಯುತ್ತಿಗೆ ಸೇರಿದ್ದರೆ 80. ಸುಲಭವಾಗಿ ಸಿಗುವ ಹೆಚ್ಚಿನ ಬೋರ್ಡುಗಳಲ್ಲಿ ಅದನ್ನು ಗ್ರೌಂಡಿಗೆ ಸೇರಿಸಿರುತ್ತಾರೆ. ತೂಕದ ಯಂತ್ರಕ್ಕೆ ಅದೇ ಒಳ್ಳೇದು, ಗದ್ದಲ ಕಡಿಮೆ. ಮೇಲಿಟ್ಟ ಸಾಮಾನು ಎಲ್ಲೂ ಓಡಿಹೋಗಲ್ಲ.

ಬ್ರೇಕಿಗೆ ಅದು ಸಾಲಲ್ಲ. ಗಂಟೆಗೆ 270 ಕಿಲೋಮೀಟರ್ ಅಂದರೆ ಸೆಕೆಂಡಿಗೆ 75 ಮೀಟರ್. ಸೆಕೆಂಡಿಗೆ ಹತ್ತು ಅಳತೆ ಅಂದರೆ ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಕಾರು ಏಳೂವರೆ ಮೀಟರ್ ಹೋಗಿರುತ್ತೆ. ಅದರ ಜೊತೆಗೆ, ಬಲ ತಟ್ಟನೆ ಬದಲಾದಾಗ ಅಳತೆ ಪೂರ್ತಿ ನೆಲೆಗೆ ಬರೋಕೆ ಆ ವೇಗದಲ್ಲಿ 400 ಮಿಲಿಸೆಕೆಂಡು ಬೇಕು ಅಂತ ಡೇಟಾ ಶೀಟೇ ಹೇಳುತ್ತೆ. ಅಂದರೆ 30 ಮೀಟರ್. 80ರ ವೇಗದಲ್ಲಿ ಅದು 50 ಮಿಲಿಸೆಕೆಂಡಿಗೆ ಇಳಿಯುತ್ತೆ. ಮೆಟ್ಟಿಲು ಯಾಕೆ ಬಂತು ಅನ್ನೋದು ಆಗ ಗೊತ್ತಾಯಿತು. ಎಂಟರ ಸರಾಸರಿ ಹಾಕಿ ನಾನು ಮಾಡಿದ್ದು ಅದರ ಮೇಲೆ ಇನ್ನೊಂದು ಮುಕ್ಕಾಲು ಸೆಕೆಂಡಿನ ಹಳೇ ಅಳತೆಗಳನ್ನು ಕಲಸಿದ್ದು.

ಸರಿ, 15ನೇ ಕಾಲು. ಚಿಪ್ ಕಿರುಬೆರಳಿನ ಉಗುರಿನಷ್ಟು. ಕಾಲುಗಳ ನಡುವಿನ ಜಾಗ ಒಂದು ಮಿಲಿಮೀಟರ್ ಚಿಲ್ಲರೆ. ಭೂತಗನ್ನಡಿ ಹಿಡಿದು, ಸೋಲ್ಡರಿಂಗ್ ಐರನ್ನಿನ ತುದಿಯಿಂದ ಆ ಕಾಲಿನ ಬುಡದ ಸೀಸ ಕರಗಿಸಿ, ಗುಂಡುಸೂಜಿಯ ಮೊನೆಯಿಂದ ಮೆಲ್ಲಗೆ ಮೇಲಕ್ಕೆ ಎತ್ತಬೇಕು. ಜಾಸ್ತಿ ಎತ್ತಿದರೆ ಕಾಲು ಮುರಿಯುತ್ತೆ, ಆಮೇಲೆ ಹೊಸ ಬೋರ್ಡು. ಉಸಿರು ಬಿಗಿಹಿಡಿದು ಎತ್ತಿದೆ. ಪಕ್ಕದ 16ನೇ ಕಾಲೇ ವಿದ್ಯುತ್ತಿನದು, ಅದೊಂದು ಪುಣ್ಯ. ಎರಡರ ನಡುವೆ ಒಂದು ಹನಿ ಸೀಸ ಬಿಟ್ಟರೆ ಕೆಲಸ ಮುಗಿಯಿತು. ಮೊದಲ ಸಲ ಹನಿ ದೊಡ್ಡದಾಗಿ 14ನೇ ಕಾಲಿಗೂ ಹರಿದು, ಅದನ್ನು ಹೀರಿ ತೆಗೆಯೋಕೆ ಇನ್ನರ್ಧ ಗಂಟೆ ಹೋಯಿತು. ನಿಮ್ಮ ಬೋರ್ಡಿನಲ್ಲಿ ಇದಕ್ಕೆ ಜಂಪರ್ ಇದ್ದರೆ ನೀವು ಅದೃಷ್ಟವಂತರು.

ಪ್ರೋಗ್ರಾಮಿನಿಂದ ಸರಾಸರಿ ಕಿತ್ತುಹಾಕಿದೆ. ಕೊನೆಯ ಮೂರು ಅಳತೆಗಳಲ್ಲಿ ನಡುವಿನದನ್ನು ಮಾತ್ರ ಕಳಿಸುತ್ತೆ, ಯಾವಾಗಲೋ ಒಮ್ಮೆ ಎಗರುವ ಅಂಕಿಗೆ ಅಷ್ಟು ಸಾಕು. ಸೆಲ್ಲಿನ ಮೇಲೆ ಪೂರ್ತಿ ಭಾರ ಬಿದ್ದಾಗ ಬರುವ ಸಿಗ್ನಲ್ಲೇ ಸುಮಾರು 10 ಮಿಲಿವೋಲ್ಟು, ಹಾಗಾಗಿ ಸೆಲ್ಲಿನ ವೈರನ್ನು ಸ್ಟೀರಿಂಗ್ ಮೋಟರಿನ ವೈರಿನಿಂದ ದೂರ ಎಳೆದೆ. ಗೆರೆ ಇಳಿಜಾರಾಯಿತು. ಸರಾಸರಿ 1:51.2.

ಕುರ್ಚಿ ಹಿಂದಕ್ಕೆ ಓಡುತ್ತೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 30 ಕಿಲೋ ಒತ್ತಿದರೆ ಅಷ್ಟೇ ಬಲ ಬೆನ್ನಿಗೂ ಬರುತ್ತೆ. ನನ್ನದು ಗಾಲಿ ಕುರ್ಚಿ. ಗಾಲಿ ತೆಗೆದು, ಕುರ್ಚಿಯನ್ನೂ ಪೆಡಲ್ ಹಲಗೆಯನ್ನೂ ಒಂದೇ ಚೌಕಟ್ಟಿಗೆ ಬೋಲ್ಟ್ ಮಾಡಿದೆ. ಪೆಡಲ್ ಕೆಳಗಿನ 18 ಮಿಲಿಮೀಟರ್ ಪ್ಲೈವುಡ್ ಪೂರ್ತಿ ಬ್ರೇಕಿಗೆ 7 ಮಿಲಿಮೀಟರ್ ಬಾಗುತ್ತಿತ್ತು, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ಅಳೆದೆ. ಕೆಳಗೆ ಇನ್ನೊಂದು ಹಲಗೆ, ಎರಡು ಕಬ್ಬಿಣದ ಎಲ್ ಪಟ್ಟಿ. ಈಗ 1 ಮಿಲಿಮೀಟರ್.

ಪೂರ್ತಿ ಬ್ರೇಕ್ ಅಂದರೆ ಎಷ್ಟು ಕಿಲೋ ಅಂತ ಮೊದಲು 60ಕ್ಕೆ ಇಟ್ಟಿದ್ದೆ. ಗಂಡಸುತನ, ಇನ್ನೇನು! ಇಪ್ಪತ್ತು ನಿಮಿಷಕ್ಕೆ ತೊಡೆ ನಡುಗಿ, ಆಮೇಲಿನ ಲ್ಯಾಪ್‌ಗಳಲ್ಲಿ ಬ್ರೇಕ್ ತಾನಾಗಿ ಕಡಿಮೆಯಾಗುತ್ತಿತ್ತು. 35ಕ್ಕೆ ಇಳಿಸಿದೆ. ಒಂದು ಗಂಟೆಯ ರೇಸಿನ ಕೊನೆಯಲ್ಲೂ ಒತ್ತಲು ಆಗುವಷ್ಟು ಇಟ್ಟುಕೊಳ್ಳಿ.

ಇದೇ ವಾರ ತೆರೆಯ ನೋಟದ ಕೋನವನ್ನೂ ಸರಿ ಮಾಡಿದೆ. 27 ಇಂಚಿನ ತೆರೆಯ ಎತ್ತರ ಸುಮಾರು 34 ಸೆಂಟಿಮೀಟರ್, ಕಣ್ಣಿನಿಂದ ದೂರ 60. ಲೆಕ್ಕ ಹಾಕಿದರೆ ಮೇಲಿಂದ ಕೆಳಗಿನ ನೋಟದ ಕೋನ ಸುಮಾರು 31 ಡಿಗ್ರಿ ಬರುತ್ತೆ. ನಾನು ಓಡಿಸುತ್ತಿದ್ದದ್ದು 50ರಲ್ಲಿ. ಇಳಿಸಿದ ಮೇಲೆ ಕಿಟಕಿಯ ಸಂದಿಯಿಂದ ನೋಡಿದ ಹಾಗಿತ್ತು, ವೇಗವೇ ಇಲ್ಲ ಅನಿಸಿತು. ಆದರೆ ತಿರುವು 150 ಮೀಟರ್ ಇದೆ ಅನ್ನೋ ದೂರದ ಫಲಕ ಈಗ ಫಲಕದ ಹಾಗೆ ಕಾಣುತ್ತೆ, ಮುಂಚೆ ಅದು ಚುಕ್ಕೆ.

ಆಕ್ಸಿಲರೇಟರ್ ಕೆಳಗಿನ ರಬ್ಬರ್

ಬ್ರೇಕ್ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಇದು. ಗೆಳೆಯನ ಟೆಲಿಮೆಟ್ರಿ ಫೈಲ್ ತರಿಸಿಕೊಂಡು ನನ್ನದರ ಮೇಲೆ ಇಟ್ಟೆ. ನೇರ ರಸ್ತೆಯ ಕೊನೆಯಲ್ಲಿ ಅವನ ವೇಗ ನನಗಿಂತ 3 ಕಿಲೋಮೀಟರ್ ಜಾಸ್ತಿ. ಒಂದೇ ಕಾರು, ಹಿಂದಿನ ರೆಕ್ಕೆಯ ಹೊಂದಾಣಿಕೆಯೂ ಒಂದೇ. ಅದಕ್ಕೂ ಮೊದಲು ಬರುವ ಕೊನೆಯ ತಿರುವು ಪರಾಬೊಲಿಕಾದಿಂದ ನಾನು ನಿಧಾನವಾಗಿ ಹೊರಬರುತ್ತೇನೆ, ಅದಕ್ಕೇ ಇರಬೇಕು ಅಂತ ಬಿಟ್ಟಿದ್ದೆ. ಒಂದು ರಾತ್ರಿ ಸುಮ್ನೆ ಆಕ್ಸಿಲರೇಟರ್ ಗೆರೆ ನೋಡಿದೆ. ಅವನದು 100. ನನ್ನದು 96. ಎಲ್ಲಾ ಲ್ಯಾಪ್, ಎಲ್ಲಾ ನೇರ ರಸ್ತೆ, 96.

ಪೆಡಲ್ ತಿರುಗಿಸಿ ನೋಡಿದೆ. ಆಕ್ಸಿಲರೇಟರ್ ಕೆಳಗೆ ಒಂದು ರಬ್ಬರ್ ತುಂಡು. ನಾನೇ ಅಂಟಿಸಿದ್ದು. ಯಾವಾಗಲೋ ರಾತ್ರಿ ಓಡಿಸುವಾಗ ಪೆಡಲ್ ತಳಕ್ಕೆ ಬಡಿದು ಟಕ್ ಟಕ್ ಅಂತ ಸದ್ದಾಗುತ್ತೆ, ಮನೆಯವರಿಗೆ ನಿದ್ದೆ ಕೆಡುತ್ತೆ ಅಂತ. ಸದ್ದು ನಿಂತಿತ್ತು. ಪೆಡಲ್ಲೂ ತಳ ಮುಟ್ಟೋ ಮೊದಲೇ ನಿಂತಿತ್ತು. ಎಷ್ಟು ತಿಂಗಳು ಹೀಗೆ ಓಡಿಸಿದೆನೋ ಲೆಕ್ಕ ಹಾಕೋಕೆ ಮನಸ್ಸು ಬರಲಿಲ್ಲ.

ರಬ್ಬರ್ ಅಲ್ಲೇ ಬಿಟ್ಟು ಕ್ಯಾಲಿಬ್ರೇಷನ್ ಮತ್ತೆ ಮಾಡಿದೆ, ಮೇಲ್ಗಡೆ 2% ಡೆಡ್‌ಝೋನ್ ಕೊಟ್ಟೆ, ಅಂದರೆ 98 ಮುಟ್ಟಿದರೂ 100 ಅಂತಲೇ ಲೆಕ್ಕ. ಸರಾಸರಿ 1:50.9. ಬೆವರು ಸುರಿಸದೆ ಮೂರು ದಶಾಂಶ. ನೀವು ಬೇರೆ ಏನು ಮಾಡದಿದ್ದರೂ ಪರವಾಗಿಲ್ಲ, ನಿಮ್ಮ ಆಕ್ಸಿಲರೇಟರ್ ನಿಜವಾಗಲೂ 100 ಮುಟ್ಟುತ್ತಾ ಅಂತ ಇವತ್ತೇ ನೋಡಿ. ಹಾಗೇ ಕಾಲು ಎತ್ತಿದಾಗ ಬ್ರೇಕ್ ನಿಜವಾಗಲೂ ಸೊನ್ನೆಯಾ ಅಂತಲೂ.

ಬಿಡೋದು ಕಲಿತದ್ದು

ಇಷ್ಟಾದ ಮೇಲೂ ಗೆಳೆಯನಿಗೂ ನನಗೂ ಎರಡು ಸೆಕೆಂಡು. ಈಗ ಸಾಮಾನಿನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ಇಬ್ಬರ ಗೆರೆಗಳನ್ನು ಒಟ್ಟಿಗೆ ನೋಡುತ್ತಾ ಕೂತೆವು. ನಾನು ಅವನಿಗಿಂತ ಮೊದಲೇ ಬ್ರೇಕ್ ಹಾಕುತ್ತೇನೆ, ಅಲ್ಲೇ ಸಮಯ ಹೋಗುತ್ತಿದೆ ಅಂತ ನನ್ನ ವಾದ. ಅಳೆದರೆ ಮೊದಲ ಷಿಕೇನಿನಲ್ಲಿ ವ್ಯತ್ಯಾಸ ಬರೀ 4 ಮೀಟರ್. ಪರಾಬೊಲಿಕಾದಲ್ಲಂತೂ ನಾನೇ ಅವನಿಗಿಂತ ತಡವಾಗಿ ಬ್ರೇಕ್ ಹಾಕುತ್ತಿದ್ದೆ.

"ಒತ್ತೋದು ಸರಿ ಇದೆ ಕಣೋ. ನೀನು ಬಿಡೋದು ನೋಡು. ಬಿಸಿ ತಗುಲಿದ ಹಾಗೆ ಕಾಲು ಎತ್ತಿಬಿಡ್ತೀಯ" ಅಂದ.

ನೋಡಿದೆ. ಅವನ ಬ್ರೇಕ್ ತಟ್ಟನೆ ತುದಿಗೆ ಏರುತ್ತೆ, ಆಮೇಲೆ ಉದ್ದಕ್ಕೆ ಜಾರುತ್ತಾ ಜಾರುತ್ತಾ ತಿರುವಿನ ನಡುವೆ ಎಲ್ಲೋ ಸೊನ್ನೆಯಾಗುತ್ತೆ. ನನ್ನದು ನಿಧಾನವಾಗಿ ಏರುತ್ತೆ, ತುದಿಯಲ್ಲಿ ಹಟ ಹಿಡಿದು ನಿಲ್ಲುತ್ತೆ, ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಬಾವಿಗೆ ಬಿದ್ದ ಹಾಗೆ ಸೊನ್ನೆ. ಆಮೇಲೆ ಅರ್ಧ ಸೆಕೆಂಡು ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ. ಕಾರು ತನ್ನ ಪಾಡಿಗೆ ಉರುಳುತ್ತಾ ಇರುತ್ತೆ. ನಾನು ಅದು ತಿರುಗಲಿ ಅಂತ ಕಾಯುತ್ತಾ ಇರುತ್ತೇನೆ.

ಯಾಕೆ ತಿರುಗಲ್ಲ? ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಿನ ಟೈರುಗಳ ಮೇಲೆ ಬೀಳುತ್ತೆ. ಭಾರ ಬಿದ್ದ ಟೈರಿಗೆ ಹಿಡಿತ ಜಾಸ್ತಿ. ಬ್ರೇಕ್ ತಟ್ಟನೆ ಬಿಟ್ಟರೆ ಮೂಗು ಮೇಲೇಳುತ್ತೆ, ಭಾರ ಹಿಂದಕ್ಕೆ ಹೋಗುತ್ತೆ. ಮುಂದಿನ ಟೈರು ತಿರುಗಬೇಕಾದ ಹೊತ್ತಿಗೇ ನಾನು ಅದರ ಹಿಡಿತ ಕಿತ್ತುಕೊಂಡಿದ್ದೆ. ಈ ಪೋರ್ಶೆಯಲ್ಲಿ ಎಂಜಿನ್ ಹಿಂದಿನ ಗಾಲಿಗಳಿಗಿಂತಲೂ ಹಿಂದಿದೆ, ಮೂಗು ಮೊದಲೇ ಹಗುರ. ಹಾಗಾಗಿ ಇಲ್ಲಿ ಅದು ಎದ್ದು ಕಾಣುತ್ತೆ.

ಬ್ರೇಕ್ ಹಿಡಿದುಕೊಂಡೇ ತಿರುಗಿಸಿದರೆ ಟೈರಿಗೆ ಎರಡು ಕೆಲಸ ಆಗಲ್ವಾ ಅಂತ ನನಗೆ ಅನುಮಾನ ಇತ್ತು. ಆಗುತ್ತೆ, ಆದರೆ ನಾವು ಅಂದುಕೊಂಡ ಹಾಗೆ ಅರ್ಧ ಕೊಟ್ಟರೆ ಅರ್ಧ ಉಳಿಯೋ ಲೆಕ್ಕ ಅಲ್ಲ. ಟೈರಿನ ಹಿಡಿತ ಒಂದು ವೃತ್ತದ ಹಾಗೆ. ಅರ್ಧ ಹಿಡಿತ ಬ್ರೇಕಿಗೆ ಹೋದರೂ ತಿರುಗೋಕೆ ಸುಮಾರು 87% ಉಳಿದಿರುತ್ತೆ, ಪೈಥಾಗೊರಸ್ ಲೆಕ್ಕ ಹಾಕಿ ನೋಡಿ. ಕಾಲು ಭಾಗ ಬ್ರೇಕಿಗೆ ಹೋದರೆ 97% ಉಳಿಯುತ್ತೆ. ಅಂದರೆ ಕೊನೆಯ ಸಣ್ಣ ಬ್ರೇಕ್ ಹೆಚ್ಚುಕಡಿಮೆ ಪುಕ್ಕಟೆ. ಅದನ್ನು ಟ್ರೇಲ್ ಬ್ರೇಕಿಂಗ್ ಅಂತಾರೆ. ಹೆಸರು ನನಗೆ ವರ್ಷಗಳಿಂದ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಆರಂಭದಲ್ಲಿ ಜೋರಾಗಿ ಯಾಕೆ ಒತ್ತಬೇಕು ಅನ್ನೋದಕ್ಕೂ ಕಾರಣ ಇದೆ. 270ರಲ್ಲಿ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತೆ. ಈ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರಿಳಿಯುತ್ತೆ, ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ಹಾಗಾಗಿ ಮೊದಲ ಗಳಿಗೆಯಲ್ಲಿ ಟೈರು ತಡೆದುಕೊಳ್ಳುವಷ್ಟು ಬ್ರೇಕನ್ನು ಕೊನೆಯಲ್ಲಿ ತಡೆದುಕೊಳ್ಳಲ್ಲ. ಕೊನೆಯವರೆಗೂ ಹಟದಿಂದ ಒತ್ತಿದರೆ, ಗಾಲಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಾಪಾಡುತ್ತೆ, ಕಾರು ಜಾರಲ್ಲ. ಆದರೆ ಎಬಿಎಸ್ ಗರಗರ ಅನ್ನುತ್ತಿರುವಾಗ ಟೈರಿಗೆ ತಿರುಗೋ ಪುರಸೊತ್ತು ಇರಲ್ಲ.

ಕಾಲಿಗೆ ಪಾಠ ಮಾಡಿದ್ದು ಟ್ರ್ಯಾಕಿನ ಹೊರಗೆ. ಆಟ ತೆರೆಯದೆ, ಪೆಡಲಿನ ಅಂಕಿ ಮಾತ್ರ ತೆರೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆ. ಕಣ್ಣು ಮುಚ್ಚಿ 20%ಗೆ ಒತ್ತಿ ಐದು ಸೆಕೆಂಡು ಹಿಡಿಯೋದು, ಕಣ್ಣು ತೆರೆದು ನೋಡೋದು. ಮೊದಲ ದಿನ 20 ಅಂದುಕೊಂಡದ್ದು 41. ಜೋರಾಗಿ ಒತ್ತೋದು ಸುಲಭ, ಮೆಲ್ಲಗೆ ಹಿಡಿಯೋದು ಕಷ್ಟ. ನಾಲ್ಕೈದು ದಿನದಲ್ಲಿ 18, 23, 19 ಹೀಗೆ ಬರತೊಡಗಿತು. ಆಮೇಲೆ 90ರಿಂದ ಸೊನ್ನೆಗೆ "ಒಂದೂ... ಎರಡೂ..." ಅಂತ ಎಣಿಸುತ್ತಾ ಇಳಿಸೋದು. ಹೊರಗಿನಿಂದ ನೋಡಿದವರಿಗೆ ಹುಚ್ಚು ಹಿಡಿದಿದೆ ಅನಿಸಿರಬೇಕು. ಕಾರಿಲ್ಲ, ರಸ್ತೆಯಿಲ್ಲ, ಕಣ್ಣು ಮುಚ್ಚಿಕೊಂಡು ಕಾಲು ಒತ್ತುತ್ತಾ ಎಣಿಸುತ್ತಿದ್ದೇನೆ.

ಟ್ರ್ಯಾಕಿನಲ್ಲಿ ಪರಾಬೊಲಿಕಾ ಒಂದನ್ನೇ ಹಿಡಿದುಕೊಂಡೆ. 2021ರಲ್ಲಿ ಅದಕ್ಕೆ ಇಟಲಿಯ ರೇಸ್ ಚಾಲಕ ಮಿಕೆಲೆ ಅಲ್ಬೊರೆಟೊ ಹೆಸರಿಟ್ಟರು, ಆದರೂ ಬಾಯಿಗೆ ಬರೋದು ಹಳೇ ಹೆಸರೇ. ಉದ್ದನೆಯ ಬಲ ತಿರುವು, ಒಳಗೆ ಹೋಗ್ತಾ ಬಿಗಿ, ಆಮೇಲೆ ತೆರೆದುಕೊಳ್ಳುತ್ತೆ. ಅದರ ನಂತರ ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆ. ಇಲ್ಲಿ ಗಳಿಸಿದ ವೇಗ ಆ ರಸ್ತೆಯುದ್ದಕ್ಕೂ ಜೊತೆಗೆ ಬರುತ್ತೆ.

ಬೇಕಂತಲೇ 10 ಮೀಟರ್ ಮೊದಲು ಬ್ರೇಕ್ ಹಾಕಿದೆ. ಅವಸರ ಇಲ್ಲದಿದ್ದರೆ ಕಾಲಿಗೆ ಯೋಚಿಸೋಕೆ ಜಾಗ ಸಿಗುತ್ತೆ. ಒತ್ತು, ಎಣಿಸುತ್ತಾ ಇಳಿಸು, ಸ್ಟೀರಿಂಗ್ ತಿರುಗಿಸಿದಷ್ಟೂ ಕಾಲು ಸಡಿಲ. ಸ್ಟೀರಿಂಗಿಗೂ ಬ್ರೇಕಿಗೂ ಒಂದು ದಾರ ಕಟ್ಟಿದೆ, ಒಂದನ್ನು ಎಳೆದರೆ ಇನ್ನೊಂದು ಇಳಿಯುತ್ತೆ ಅಂದುಕೊಂಡೆ. ಮೂವತ್ತು ಲ್ಯಾಪ್ ಆಗಿರಬೇಕು, ಒಂದು ಸಲ ಮೂಗು ಎಳೆದು ಹಿಡಿದ ಹಾಗೆ ಒಳಗೆ ಬಂತು. ನಾನು ಸ್ಟೀರಿಂಗ್ ಇನ್ನೂ ತಿರುಗಿಸಬೇಕು ಅನ್ನುವಷ್ಟರಲ್ಲಿ ಕಾರು ಆಗಲೇ ತಿರುಗಿತ್ತು. ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟೆ, ಹಿಂಭಾಗ ಗಿರಕಿ ಹೊಡೆದು ಗೋಡೆಗೆ ಹೋಯಿತು. ಆ ದಿನದ ಅತ್ಯುತ್ತಮ ತಿರುವು ಅದೇ.

ಆಮೇಲೆ ಬ್ರೇಕ್ ಹಾಕುವ ಜಾಗವನ್ನು ಎರಡೆರಡು ಮೀಟರ್ ತಿರುವಿನ ಹತ್ತಿರಕ್ಕೆ ತಂದೆ. ಬಿಡೋದು ಕೆಟ್ಟರೆ ಮತ್ತೆ ದೂರಕ್ಕೆ. ಎರಡು ವಾರದಲ್ಲಿ ಪರಾಬೊಲಿಕಾದ ಹೊರಗಿನ ವೇಗ 4 ಕಿಲೋಮೀಟರ್ ಹೆಚ್ಚಾಯಿತು, ಅದೊಂದರಿಂದಲೇ ನೇರ ರಸ್ತೆಯಲ್ಲಿ ಸುಮಾರು ಎರಡು ದಶಾಂಶ. ಅದೇ ಕಾಲು ಲೆಸ್ಮೊದ ಎರಡು ತಿರುವಿಗೂ ಹೋಯಿತು. ಎರಡನೇ ಲೆಸ್ಮೊದಲ್ಲಿ ಬ್ರೇಕ್ ಹಾಕೋದೇ ಒಂದು ಚಿಟಿಕೆ, ಆ ಚಿಟಿಕೆಯನ್ನೂ ಮೆಲ್ಲಗೆ ಬಿಡಬೇಕು.

ನನ್ನ ಒಳ್ಳೆಯ ಲ್ಯಾಪಿಗಿಂತ ಮುಂದಿದ್ದೇನೋ ಹಿಂದಿದ್ದೇನೋ ಅಂತ ತೋರಿಸುವ ಡೆಲ್ಟಾ ಗಡಿಯಾರವನ್ನು ಈ ದಿನಗಳಲ್ಲಿ ಮುಚ್ಚಿಟ್ಟಿದ್ದೆ. ಅದು ಹಸಿರಾದರೆ ಆಸೆ, ಕೆಂಪಾದರೆ ಹಟ. ಎರಡೂ ಮುಂದಿನ ತಿರುವನ್ನು ಹಾಳು ಮಾಡುತ್ತವೆ.

ಈಗ

ಒಂದು ತಿಂಗಳ ನಂತರ ಹತ್ತು ಲ್ಯಾಪ್ ಸರಾಸರಿ 1:49.8. ಒಂದೇ ಲ್ಯಾಪ್ ಲೆಕ್ಕಕ್ಕೆ 1:49.3. ಮೊದಲ ಷಿಕೇನಿನಲ್ಲಿ ನನ್ನ ತುದಿಯ ಬ್ರೇಕ್ ಈಗ ಹತ್ತರಲ್ಲಿ ಒಂಬತ್ತು ಸಲ 94ರಿಂದ 100ರ ನಡುವೆ. ಗೆಳೆಯ ಇನ್ನೂ ನಾಲ್ಕು ದಶಾಂಶ ಮುಂದೆ. ಅವನ ಪೆಡಲ್ ನನ್ನ ಹಳೇದರ ಹಾಗೇ ಪೊಟೆನ್ಶಿಯೊಮೀಟರಿನದು ಅನ್ನೋದನ್ನು ಅವನು ಹೇಳಿದ್ದು ಇದೆಲ್ಲ ಮುಗಿದ ಮೇಲೆ!

ಪೆಡಲಿನಲ್ಲಿ ಇನ್ನೂ ಎರಡು ಕೆಲಸ ಬಾಕಿ. ಚಳಿ ಇದ್ದ ದಿನ ಬುಷ್ ಗಟ್ಟಿಯಾಗಿ ಪೆಡಲ್ ಕಡಿಮೆ ಇಳಿಯುತ್ತೆ. ಅಳೆಯೋದು ಬಲವನ್ನಾದ್ದರಿಂದ ಅಂಕಿ ಬದಲಾಗಲ್ಲ, ಕಾಲಿಗೆ ಮಾತ್ರ ಬೇರೆ ಅನಿಸುತ್ತೆ. ಸೆಲ್ಲಿನ ಹಿಂದಿನ ನಟ್ ಎರಡು ವಾರಕ್ಕೊಮ್ಮೆ ಸಡಿಲವಾಗುತ್ತೆ, ಅದಕ್ಕೆ ನೈಲಾನ್ ಒಳಪದರದ ನಟ್ ಹಾಕಬೇಕು.

1:49.3ರ ಆ ಲ್ಯಾಪನ್ನು ಟೆಲಿಮೆಟ್ರಿಯಲ್ಲಿ ತೆರೆದು ನೋಡಿದೆ. ಷಿಕೇನ್ ಚೆನ್ನಾಗಿದೆ. ಲೆಸ್ಮೊ ಚೆನ್ನಾಗಿದೆ. ಪರಾಬೊಲಿಕಾದ ಗೆರೆಯನ್ನು ಚಿತ್ರ ಮಾಡಿ ಗೋಡೆಗೆ ಹಾಕಬಹುದು. ಪರಾಬೊಲಿಕಾಕ್ಕೂ ಮೊದಲು ಬರುವ ಅಸ್ಕಾರಿ ಷಿಕೇನಿನಲ್ಲಿ ಮಾತ್ರ, 70%ನಿಂದ ನೇರವಾಗಿ ಸೊನ್ನೆ. ಬಿಸಿ ತಗುಲಿದ ಹಾಗೆ.